ಅಪ್‌ಡೇಟ್: 650 ಸಿಸಿ ಟ್ವಿನ್ ಬೈಕ್, ಬಹಳ ದಿನ ಓಡಿಸಿದ ಮೇಲೆ

ದಿನದ ಓಡಾಟ, ದೂರದ ರೈಡ್ ಎರಡಕ್ಕೂ ಒಂದೇ 650 ಸಿಸಿ ಪ್ಯಾರಲಲ್ ಟ್ವಿನ್ (ಎರಡು ಸಿಲಿಂಡರ್ ಅಕ್ಕಪಕ್ಕ ಇರುವ ಎಂಜಿನ್‌ನ ಬೈಕ್) ಸಾಕಾ ಅಂತ ಹಿಂದೆ ಕೇಳಿದ್ದೆ. ಸಾಕು, ಧಾರಾಳವಾಗಿ ಸಾಕು. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಎಂಜಿನ್ ಮೇಲಿನ ಪ್ರೀತಿ ಒಂಚೂರೂ ಕಡಿಮೆಯಾಗಿಲ್ಲ. 270 ಡಿಗ್ರಿ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಶಾಫ್ಟ್) ಆದ್ದರಿಂದ ಎರಡು ಸಿಲಿಂಡರ್ ಸಮ ಅಂತರದಲ್ಲಿ ಫೈರ್ ಆಗುವುದಿಲ್ಲ. ವಿ-ಟ್ವಿನ್ (ಎರಡು ಸಿಲಿಂಡರ್ V ಆಕಾರದಲ್ಲಿರುವ ಎಂಜಿನ್) ಥರದ ಆ ಸದ್ದು ಬರುವುದೇ ಅದಕ್ಕೆ. ಕಡಿಮೆ ಆರ್‌ಪಿಎಂನಲ್ಲೂ ಎಳೆತ ಚೆನ್ನಾಗಿದೆ, ಸುಮ್ನೆ ಗೇರ್ ಇಳಿಸುತ್ತಾ ಕೂರಬೇಕಿಲ್ಲ.

ಟೈರ್ ವಿಷಯ ಮಾತ್ರ ಸ್ವಲ್ಪ ಹೇಳಲೇಬೇಕು. ನೇರ ಹೈವೇಯಲ್ಲೇ ಜಾಸ್ತಿ ಓಡಿಸಿದರೆ ಹಿಂದಿನ ಟೈರ್ ನಡುವೆ ಸವೆದು ಚಪ್ಪಟೆಯಾಗುತ್ತದೆ. ಆಗ ತಿರುವಿನಲ್ಲಿ ಬೈಕ್ ಹಿತವಾಗಿ ವಾಲುವುದಿಲ್ಲ, ಒಮ್ಮೆಲೇ ಬಿದ್ದಂತೆ ಅನ್ನಿಸುತ್ತದೆ. ನಾನು ಸಸ್ಪೆನ್ಷನ್ ಮೇಲೆ ಅನುಮಾನಪಟ್ಟಿದ್ದೆ. ಹೊಸ ಟೈರ್ ಹಾಕಿದ ಕೂಡಲೇ ಸರಿಹೋಯಿತು.

ಚೈನ್‌ಗೆ ಸುಮಾರು 500 ಕಿ.ಮೀ.ಗೊಮ್ಮೆ ಲೂಬ್ ಹಾಕುತ್ತೇನೆ. ಮಳೆಯಲ್ಲಿ ನೆನೆದರೆ ಅಂದೇ ಒರೆಸಿ ಹಾಕುತ್ತೇನೆ. ಬ್ರೇಕ್ ಫ್ಲೂಯಿಡ್ ನೀರಿನಂಶ ಹೀರುತ್ತದೆ ಅಲ್ವಾ, ಕಡಿಮೆ ಓಡಿಸಿದರೂ 2 ವರ್ಷಕ್ಕೊಮ್ಮೆ ಬದಲಿಸಿ.

ಸೀಟ್ ಗಟ್ಟಿ, ಟ್ರಾಫಿಕ್‌ನಲ್ಲಿ ಕಾಲಿಗೆ ಬಿಸಿ ತಾಗುತ್ತದೆ. ಸೀಟ್‌ಗೆ ಹೊಸ ಫೋಮ್ ಹಾಕಿಸಿದೆ. ಬಿಸಿಗೆ ದಪ್ಪ ಪ್ಯಾಂಟ್ ಬಿಟ್ಟು ಬೇರೆ ದಾರಿ ಸಿಕ್ಕಿಲ್ಲ. ಮುಂದಿನ ಕೆಲಸ ವಾಲ್ವ್ ಕ್ಲಿಯರೆನ್ಸ್ (ಎಂಜಿನ್ ವಾಲ್ವ್‌ಗೂ ಅದನ್ನು ತಳ್ಳುವ ಭಾಗಕ್ಕೂ ನಡುವಿನ ಸಣ್ಣ ಅಂತರ) ಚೆಕ್. ಅದನ್ನು ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ಮಾಡಿಸುತ್ತೇನೆ.