ಜಿಂಕೆಯನ್ನು ‘ಪರಿಚಯಿಸುವುದು’ ಹೇಗೆ?

ಗೆಳೆಯರೇ,

ಪೊನ್ನಂಪೇಟೆಯಲ್ಲಿ ಕೂತು ಮಕ್ಕಳಿಗೆ ಒಂದು ವಿಜ್ಞಾನ ಲೇಖನ ಬರೆಯುತ್ತಿದ್ದೇನೆ. ಇಂಗ್ಲೆಂಡಿಗೆ ಫ್ಯಾಲೋ ಡೀರ್ ಹೇಗೆ ಹೋಯಿತು ಅನ್ನೋದು ವಿಷಯ. ಎರಡು ಪದಗಳು ಕಾಲಿಗೆ ತೊಡರಿಕೊಂಡಿವೆ.

ಮೊದಲನೆಯದು ಹೆಸರೇ. ಕರಡಿನಲ್ಲಿ ‘ಬೀಳು ಜಿಂಕೆ’ ಅಂತ ಬರೆದಿದ್ದೆ, ನಗಬೇಡಿ. ಬೀಳು ಬಿಟ್ಟ ಗದ್ದೆಗೂ ಇಂಗ್ಲಿಷಿನಲ್ಲಿ ಫ್ಯಾಲೋ ಅಂತಾರಲ್ಲ, ಅದೇ ಇರಬೇಕು ಅಂದುಕೊಂಡೆ. ಅದರ ಬೇರೇ ಬೇರೆ. ಇದು ಮಾಸಲು ಕಂದು ಬಣ್ಣದ ಹಳೆಯ ಹೆಸರು. ಹಾಗಾದರೆ ‘ಕಂದು ಜಿಂಕೆ’ ಸಾಕಲ್ವಾ? ಸಾಲದು. ಇದರಲ್ಲಿ ಬಿಳಿಯವೂ ಇವೆ, ಕರಿಯವೂ ಇವೆ. ಬೇಸಿಗೆಯಲ್ಲಿ ಮೈಮೇಲೆ ಚುಕ್ಕೆ ಎದ್ದು ಕಾಣುತ್ತವೆ. ಆದರೆ ‘ಚುಕ್ಕೆ ಜಿಂಕೆ’ ಅಂದರೆ ನಾಗರಹೊಳೆಯ ಜಿಂಕೆಯೇ ಕಣ್ಣಿಗೆ ಬರುತ್ತದೆ. ಬಲಿತ ಗಂಡಿನ ಕೊಂಬು ಬಿಚ್ಚಿದ ಅಂಗೈಯಂತೆ ಅಗಲ, ಹಾಗಾಗಿ ‘ಅಗಲಗೊಂಬಿನ ಜಿಂಕೆ’ ಅನ್ನಬಹುದು. ಹೆಣ್ಣಿಗೆ ಕೊಂಬೇ ಇಲ್ಲ, ಅದು ಬೇರೆ ಮಾತು.

ನಿಜವಾದ ತಲೆನೋವು ‘ಇಂಟ್ರಡ್ಯೂಸ್’. ಪತ್ರಿಕೆಗಳಲ್ಲಿ ‘ಪರಿಚಯಿಸಿದರು’ ಅಂತಲೇ ಬರುತ್ತದೆ. ಬ್ರಿಟಿಷರು ಅಂಡಮಾನಿಗೆ ಚುಕ್ಕೆ ಜಿಂಕೆಯನ್ನು ಪರಿಚಯಿಸಿದರಂತೆ. ಯಾರಿಗೆ? ಮರಗಳಿಗಾ? ಪಕ್ಕದ ತೋಟದ ಅಜ್ಜನಿಗೆ ಈ ಸಾಲು ಓದಿ ಹೇಳಿದೆ. ‘ತಂದು ಬಿಟ್ಟದ್ದು ಅನ್ನಿ ಮಾರಾಯ್ರೆ’ ಅಂದರು. ಸಿಲ್ವರ್ ಓಕನ್ನು ಆಸ್ಟ್ರೇಲಿಯಾದಿಂದ ತಂದು ನೆಟ್ಟರು, ಜಿಂಕೆಯನ್ನು ತಂದು ಬಿಟ್ಟರು. ಎಷ್ಟು ಸಲೀಸು!

ಆದರೆ ಒಂದು ತೊಡಕಿದೆ. ‘ತಂದು ಬಿಟ್ಟರು’ ಎಂಬುದನ್ನು ಕೂಡಿಸಿ ಬರೆದರೆ ‘ತಂದುಬಿಟ್ಟರು’, ಅಂದರೆ ತಂದೇ ತೀರಿದರು ಎಂಬ ಅರ್ಥ. ನಡುವಿನ ಒಂದು ಜಾಗದ ಮೇಲೆ ಇಷ್ಟು ಭಾರ ಹೊರಿಸಬಹುದಾ? ಜೊತೆಗೆ, ಊರಿಗೆ ಬಂದ ಆನೆಯನ್ನು ಹಿಡಿದು ಬೇರೆ ಕಾಡಿಗೆ ಬಿಟ್ಟರೂ ನಾವು ‘ಬಿಟ್ಟರು’ ಅಂತಲೇ ಹೇಳುತ್ತೇವೆ. ಅದು ನೆಲಕ್ಕೆ ಹೊಸ ಪ್ರಾಣಿಯಲ್ಲ. ‘ವಲಸೆ’ಯಂತೂ ಆಗದು, ಅದು ತಾನಾಗಿ ಬಂದದ್ದು.

ಈ ಬಂದದ್ದು–ತಂದದ್ದು ಜಗಳ ಸುಮ್ನೆ ಅಲ್ಲ, ಲೇಖನದ ಜೀವವೇ ಅದು. ಇಂಗ್ಲೆಂಡಿನ ಚಿಚೆಸ್ಟರ್ ಹತ್ತಿರ ಫಿಶ್‌ಬೋರ್ನ್ ಎಂಬಲ್ಲಿ ರೋಮನ್ನರ ಕಾಲದ ಅರಮನೆ ಇದೆ. ಅಲ್ಲಿ ಅಗೆದಾಗ ಈ ಜಿಂಕೆಯ ದವಡೆಗಳು ಸಿಕ್ಕಿದವು. ಕೊಂಬು ಮಾತ್ರ ಸಿಕ್ಕಿದ್ದರೆ ನಂಬುವಂತಿರಲಿಲ್ಲ. ಕೊಂಬು ವರ್ಷಕ್ಕೊಮ್ಮೆ ಉದುರುತ್ತದೆ, ವ್ಯಾಪಾರದ ಸರಕಾಗಿ ಎಲ್ಲಿಗೂ ಹೋಗುತ್ತದೆ. ಹಲ್ಲು ಹಾಗಲ್ಲ. ಮರಿ ಮೇಯುವ ನೆಲದಲ್ಲಿರುವ ಸ್ಟ್ರಾನ್ಷಿಯಂ ಎಂಬ ಲೋಹದ ಅಂಶ ಮೇವಿನ ಮೂಲಕ ಹಲ್ಲಿನ ಗಟ್ಟಿ ಹೊರಪದರಕ್ಕೆ, ಅಂದರೆ ಎನಾಮಲ್‌ಗೆ, ಸೇರುತ್ತದೆ, ಆಮೇಲೆ ಬದಲಾಗುವುದಿಲ್ಲ. ಬೇರೆ ಬೇರೆ ಬಂಡೆಯ ನೆಲಕ್ಕೆ ಬೇರೆ ಬೇರೆ ಗುರುತು. ಹಾಗೆ ನೋಡಿದಾಗ ಎರಡು ದವಡೆಗಳಲ್ಲಿ ಒಂದು ಮರಿಯಾಗಿದ್ದಾಗಲೇ ಹೊರಗಿನಿಂದ ತಂದದ್ದು, ಇನ್ನೊಂದು ಅಲ್ಲೇ ಹುಟ್ಟಿ ಬೆಳೆದದ್ದು. ಅಂದರೆ ಕ್ರಿ.ಶ. 1ನೇ ಶತಮಾನದಲ್ಲೇ ಅಲ್ಲಿ ಹಿಂಡು ಕಟ್ಟಿ ಸಾಕಿದ್ದರು. ಆ ಹಿಂಡು ಉಳಿಯಲಿಲ್ಲ. 11ನೇ ಶತಮಾನದ ಹೊತ್ತಿಗೆ ಮತ್ತೆ ತಂದರು.

ಈಗ ಹೇಳಿ, ಎರಡನೇ ದವಡೆಯ ಜಿಂಕೆ ‘ತಂದ ಜಿಂಕೆ’ಯಾ? ಅದನ್ನು ಯಾರೂ ತಂದಿಲ್ಲ, ಅದರ ಹಿರಿಯರನ್ನು ತಂದರು. ಪ್ರಾಣಿಯನ್ನು ತಂದದ್ದಕ್ಕೂ, ಅದರ ಸಂತತಿ ಅಲ್ಲಿ ನೆಲೆಯೂರಿದ್ದಕ್ಕೂ ಬೇರೆ ಬೇರೆ ಮಾತು ಬೇಕು. ಮೊದಲನೆಯದಕ್ಕೆ ‘ತಂದು ಬಿಡು’, ಎರಡನೆಯದಕ್ಕೆ ‘ನೆಲೆಯೂರು’ ಎಂದು ಬರೆಯೋಣ ಅಂತಿದ್ದೇನೆ. 11ನೇ ಶತಮಾನದ್ದಕ್ಕೆ ‘ಮರುಪರಿಚಯ’ ಅಂತ ಮಾತ್ರ ಯಾರೂ ಸೂಚಿಸಬೇಡಿ, ಹಳೇ ಸ್ನೇಹಿತರು ಸಂತೆಯಲ್ಲಿ ಸಿಕ್ಕಿದ ಹಾಗಿರುತ್ತದೆ.

ಇನ್ನೊಂದು ಕೇಳಬೇಕಿತ್ತು. ಹೊರಗಿನಿಂದ ತಂದ ದನ, ಕುರಿ ಊರಿನ ಮಂದೆಯಲ್ಲಿ ಬೆರೆತು ಅಲ್ಲಿಯದೇ ಆದಾಗ ನಿಮ್ಮ ಕಡೆ ಸಾಕುವವರು ಏನನ್ನುತ್ತಾರೆ? ಒಂದೇ ಪದ ಇದ್ದರೆ ಬರೆದು ಕಳಿಸಿ.