ಅಜ್ಜನ ಹೆಸರು ಮೊಮ್ಮಗುವಿಗೆ: ಕಿವಿಯಲ್ಲಿ ಯಾವುದು, ಕಾಗದದಲ್ಲಿ ಯಾವುದು?

ಕೇಳಿದ್ದು

ಮುಂದಿನ ತಿಂಗಳು ನಮಗೆ ಮೊದಲ ಮಗು. ಗಂಡಾದರೆ ಮಾವನವರ ಹೆಸರು, ಅಂದರೆ ಸಿದ್ದಪ್ಪ ಎಂದು ಇಡುವುದು ಗಂಡನ ಮನೆಯ ವಾಡಿಕೆ. ಮಾವನವರು ಗಟ್ಟಿಮುಟ್ಟಾಗಿದ್ದಾರೆ. ಭಾವನ ಮಗನಿಗೆ ಆಗಲೇ ಇದೇ ಹೆಸರಿದೆ. ಹೆಣ್ಣಾದರೆ ತೀರಿಹೋದ ನನ್ನಜ್ಜಿ ನಂಜಮ್ಮನ ಹೆಸರಿಡಬೇಕೆಂದು ತವರಿನವರ ಆಸೆ. ಹಿರೀಕರ ಹೆಸರು ಬಿಡಲು ಮನಸ್ಸಿಲ್ಲ, ಮಗುವಿಗೆ ಮುಂದೆ ಶಾಲೆ, ಪಾಸ್‌ಪೋರ್ಟಿನಲ್ಲಿ ತೊಡಕೂ ಆಗಬಾರದು. ತಿಳಿದವರು ದಯವಿಟ್ಟು ಹೇಳಿ.

ಊರು, ಮನೆದೇವರು, ಹೆಸರುಗಳ ಬಗ್ಗೆ ಬಲ್ಲವರು

ಹೆಸರು ಹುಡುಕುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಮಗುವಿನ ಎರಡೂ ಕಡೆಯ ಅಜ್ಜ ಅಜ್ಜಿ ನಾಲ್ವರು, ಅವರ ತಂದೆ ತಾಯಿ ಎಂಟು ಮಂದಿ. ಈ ಹನ್ನೆರಡು ಜನರ ಎದುರಿಗೆ ಮೂರು ವಿಷಯ ಬರೆಯಿರಿ: ಕಾಗದದಲ್ಲಿದ್ದ ಹೆಸರು, ಮನೆಯಲ್ಲಿ ಕರೆಯುತ್ತಿದ್ದ ಹೆಸರು, ಆ ಹೆಸರು ಬಂದ ಕಾರಣ. ಮೂರನೆಯದನ್ನು ಈಗಲೇ ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಿ. ಅವರು ಹೋದ ಮೇಲೆ ಹೇಳುವವರು ಇರುವುದಿಲ್ಲ.

ನಮ್ಮ ಕಡೆಯ ಹಳೆಯ ಹೆಸರುಗಳಲ್ಲಿ ಬಹುಪಾಲು ದೇವರ ಹೆಸರಿಗೆ ಅಪ್ಪ, ಅಯ್ಯ, ಅಣ್ಣ, ಅಮ್ಮ, ಅವ್ವ, ಅಕ್ಕ ಸೇರಿ ಆದವು. ಯಲ್ಲಪ್ಪ ಸವದತ್ತಿಯ ಯಲ್ಲಮ್ಮನಿಂದ, ಹುಲಿಗೆವ್ವ ಹುಲಿಗಿಯಿಂದ, ಮಾದಪ್ಪ ಮಲೆ ಮಹದೇಶ್ವರನಿಂದ, ಮೈಲಾರಪ್ಪ ಮೈಲಾರದಿಂದ, ನಂಜಪ್ಪ ನಂಜಮ್ಮ ನಂಜನಗೂಡಿನಿಂದ. ನಿಮ್ಮ ‘ಸಿದ್ದಪ್ಪ’ ಯಾವ ಸಿದ್ಧನ ಹೆಸರು ಎಂದು ಮಾವನವರನ್ನೇ ಕೇಳಿ. ಸೊನ್ನಲಿಗೆಯ ಸಿದ್ಧರಾಮನೋ, ಹುಬ್ಬಳ್ಳಿಯ ಸಿದ್ಧಾರೂಢರೋ, ಚಿಕ್ಕಲ್ಲೂರಿನ ಸಿದ್ದಪ್ಪಾಜಿಯೋ? ಅದು ಗೊತ್ತಾದರೆ ಹೊಸ ರೂಪ ತಾನಾಗಿ ಸಿಗುತ್ತದೆ: ಸಿದ್ಧರಾಮ, ಆರೂಢ, ಸಿದ್ಧೇಶ. ಸಿದ್ಧಾರ್ಥ ಎಂದಿಟ್ಟರೆ ‘ಸಿದ್ಧ’ ಎಂಬ ಮಾತು ಉಳಿಯುತ್ತದೆ ನಿಜ, ಆದರೆ ಹೆಸರು ಬುದ್ಧನ ಕಡೆಗೆ ಹೋಗುತ್ತದೆಯೇ ಹೊರತು ಮನೆದೇವರ ಕಡೆಗಲ್ಲ. ಅದು ಒಪ್ಪಿಗೆಯಾದರೆ ಇಡಿ, ಗೊತ್ತಿದ್ದು ಇಡಿ.

ನಂಜು ಎಂದರೆ ವಿಷ ಎಂದು ಕೆಲವರು ಹಿಂಜರಿಯುತ್ತಾರೆ. ನಂಜನ್ನು ಉಂಡು ಲೋಕ ಉಳಿಸಿದವನು ನಂಜುಂಡ. ಶ್ರೀಕಂಠ ಎಂಬುದೂ ಅವನದೇ ಹೆಸರು. ಹೆಣ್ಣುಮಗುವಿಗೆ ‘ನಂಜಮ್ಮ’ ಹಾಗೇ ಬೇಡವೆನಿಸಿದರೆ ನಂಜನಗೂಡಿನ ಅಮ್ಮನವರ ಹೆಸರು ಪಾರ್ವತಿ, ಇಲ್ಲವೇ ಗೌರಿ, ಗಿರಿಜಾ ಇಡಬಹುದು. ನಾನಾದರೆ ನಂಜಮ್ಮನನ್ನೂ ಎರಡನೇ ಪದವಾಗಿ ಉಳಿಸಿಕೊಳ್ಳಿ ಎನ್ನುತ್ತೇನೆ. ತುಂಬ ಚಂದದ ಹೆಸರು.

ಎರಡು ಎಚ್ಚರಿಕೆ. ಎಲ್ಲ ಹಳೆಯ ಹೆಸರೂ ದೇವರದಲ್ಲ. ಹಿಂದಿನ ಮಕ್ಕಳು ಉಳಿಯದಿದ್ದಾಗ ದೃಷ್ಟಿ ತಾಗದಿರಲೆಂದು ತಿಪ್ಪಯ್ಯ, ಕಲ್ಲಪ್ಪ, ಗುಂಡ ಎಂದು ಇಡುತ್ತಿದ್ದರು. ಹೆಣ್ಣು ಸಾಕು ಎಂಬ ಅರ್ಥದಲ್ಲಿ ಸಾಕಮ್ಮ ಎಂದು ಇಟ್ಟದ್ದೂ ಇದೆ. ಆದರೆ ಚಿತ್ರದುರ್ಗದ ಸೀಮೆಯಲ್ಲಿ ತಿಪ್ಪೇಸ್ವಾಮಿ, ತಿಪ್ಪಮ್ಮ ಎಂದರೆ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಹರಕೆಯ ಹೆಸರೂ ಆಗಿರುತ್ತದೆ. ಕೇಳದೆ ಅರ್ಥ ಕಟ್ಟಬೇಡಿ. ಇನ್ನೊಂದು, ಹೆಸರಿನ ಮೊದಲಕ್ಷರವನ್ನು ಮಾತ್ರ ಹಿಡಿದು ‘ಸಿ’ಗೆ ಸಿರಿ, ‘ನ’ಗೆ ನವ್ಯಾ ಎಂದಿಟ್ಟು ಹಿರೀಕರ ಹೆಸರೇ ಇಟ್ಟೆವು ಎನ್ನುವುದು. ಹಿರಿಯರು ಬಾಯಿ ಬಿಟ್ಟು ಹೇಳುವುದಿಲ್ಲ, ಆದರೆ ನೊಂದುಕೊಳ್ಳುತ್ತಾರೆ.

ಪೌರೋಹಿತ್ಯ ಬಲ್ಲವರು

ಬದುಕಿರುವವರ ಹೆಸರು ಇಡಬಹುದೇ ಎಂಬುದಕ್ಕೆ ಎಲ್ಲ ಮನೆಗೂ ಒಂದೇ ಉತ್ತರವಿಲ್ಲ. ಕೆಲವು ಮನೆಗಳಲ್ಲಿ ಅಜ್ಜ ಇರುವಾಗಲೇ ಮೊಮ್ಮಗನಿಗೆ ಅವರ ಹೆಸರಿಟ್ಟು ಅವರ ತೊಡೆಯ ಮೇಲೇ ಮಗುವನ್ನು ಮಲಗಿಸುತ್ತಾರೆ. ಇನ್ನು ಕೆಲವರಲ್ಲಿ ಅವರು ತೀರಿಕೊಂಡ ಮೇಲೇ. ನಿಮ್ಮಲ್ಲಿ ಭಾವನ ಮಗನಿಗೆ ಇಟ್ಟಾಗಿದೆ ಅಂದರೆ ಆ ಪ್ರಶ್ನೆ ಮುಗಿದಂತೆ.

ನಿಜವಾದ ತೊಡಕು ಬೇರೆ. ಮಾವನ ಹೆಸರು ಹಿಡಿದು ಸೊಸೆ ಕರೆಯುವಂತಿಲ್ಲ ಎಂಬ ನಡತೆ ಇರುವ ಮನೆಯಲ್ಲಿ ಆ ಹೆಸರಿನ ಮಗುವನ್ನು ತಾಯಿ ಕರೆಯುವುದು ಹೇಗೆ, ಗದರುವುದು ಹೇಗೆ? ಹಾಗಾಗಿಯೇ ಅಪ್ಪು, ರಾಯ, ಅಜ್ಜಪ್ಪ ಎಂಬ ಕರೆಯುವ ಹೆಸರುಗಳು ಹುಟ್ಟುತ್ತವೆ. ತಪ್ಪಿಲ್ಲ. ಆದರೆ ಅಂಗನವಾಡಿಯ ಪುಸ್ತಕದಲ್ಲಿ, ಲಸಿಕೆಯ ತಾಯಿ ಕಾರ್ಡಿನಲ್ಲಿ ಕರೆಯುವ ಹೆಸರೇ ಸೇರಿ, ಶಾಲೆಗೆ ಸೇರಿಸುವ ಹೊತ್ತಿಗೆ ಮಗುವಿಗೆ ಎರಡು ಹೆಸರಾಗಿರುತ್ತದೆ. ಯಾರು ಕೇಳಿದರೂ ಕಾಗದದ ಹೆಸರೇ ಹೇಳಬೇಕೆಂದು ಮನೆಯವರಿಗೆಲ್ಲ ಮೊದಲೇ ತಿಳಿಸಿ.

ನಾಮಕರಣದಲ್ಲಿ ಒಂದೇ ಹೆಸರು ಎಂಬ ಕಟ್ಟುಪಾಡು ಇಲ್ಲ. ಹನ್ನೊಂದು ಅಥವಾ ಹನ್ನೆರಡನೆಯ ದಿನ, ಆಗದಿದ್ದರೆ ಮನೆಯ ಪದ್ಧತಿಯ ಬೇರೆ ದಿನ, ತಟ್ಟೆಯ ಅಕ್ಕಿಯ ಮೇಲೆ ಚಿನ್ನದ ಉಂಗುರದಿಂದ ಬರೆಯುವಾಗ ಕುಲದೇವತೆಯ ಹೆಸರು, ಮಾಸನಾಮ, ನಕ್ಷತ್ರನಾಮ, ವ್ಯವಹಾರನಾಮ ಎಲ್ಲವನ್ನೂ ಬರೆಯುತ್ತಾರೆ. ಮಾಸನಾಮ ಹುಟ್ಟಿದ ತಿಂಗಳಿನದು: ಮಾರ್ಗಶಿರಕ್ಕೆ ಕೇಶವ, ಪುಷ್ಯಕ್ಕೆ ನಾರಾಯಣ, ಹೀಗೆ ಕಾರ್ತಿಕದ ದಾಮೋದರನವರೆಗೆ ಹನ್ನೆರಡು. ನಕ್ಷತ್ರನಾಮಕ್ಕೆ 27 ನಕ್ಷತ್ರ, ತಲಾ 4 ಪಾದ, ಒಟ್ಟು 108 ಅಕ್ಷರ. ಅಶ್ವಿನಿಗೆ ಚು, ಚೆ, ಚೋ, ಲಾ. ಹಿರಿಯರ ಹೆಸರು ನಕ್ಷತ್ರದ ಅಕ್ಷರಕ್ಕೆ ಕೂಡಲಿಲ್ಲವೆಂದು ಬಿಡುವ ಅಗತ್ಯವೇ ಇಲ್ಲ. ನಕ್ಷತ್ರಕ್ಕೆ ಅದರದೇ ಹೆಸರು, ಹಿರಿಯರಿಗೆ ಅವರದು. ಗಂಡಿಗೆ ಸರಿಸಂಖ್ಯೆಯ ಅಕ್ಷರ, ಹೆಣ್ಣಿಗೆ ಬೆಸಸಂಖ್ಯೆ ಎಂದು ಗೃಹ್ಯಸೂತ್ರದಲ್ಲಿದೆ, ಆದರೆ ಅದಕ್ಕಾಗಿ ಅಜ್ಜಿಯ ಹೆಸರು ಕತ್ತರಿಸುವುದು ನನಗೆ ಸರಿ ಕಾಣುವುದಿಲ್ಲ.

ಒಂದು ಕೆಲಸ ಮಾಡಿ: ಹೆಸರುಗಳನ್ನು ಕ್ರಮವಾಗಿ ಚೀಟಿಯಲ್ಲಿ ಬರೆದು ಹಿಂದಿನ ದಿನವೇ ಪುರೋಹಿತರಿಗೂ, ಕಿವಿಯಲ್ಲಿ ಹೆಸರು ಹೇಳುವ ಸೋದರತ್ತೆಗೂ ಕೊಡಿ. ತೊಟ್ಟಿಲ ಬಳಿ ನಿಂತು ಚರ್ಚೆ ಶುರುವಾದರೆ ಯಾರ ದನಿ ಜೋರೋ ಅವರ ಹೆಸರು ಉಳಿಯುತ್ತದೆ.

ಕಂದಾಯ ದಾಖಲೆ ಬಲ್ಲವರು

ಎಲ್ಲರೂ ಪಾಸ್‌ಪೋರ್ಟಿನ ಚಿಂತೆ ಮಾಡುತ್ತಾರೆ. ಹೊಲ ಇರುವ ಮನೆಗೆ ಮೊದಲ ತೊಡಕು ಪಹಣಿಯಲ್ಲಿ.

ಪಹಣಿಯಲ್ಲಿ ಹೆಸರು ಹೀಗಿರುತ್ತದೆ: ಸಿದ್ದಪ್ಪ ಬಿನ್ ಬಸಪ್ಪ, ಅಂದರೆ ಬಸಪ್ಪನ ಮಗ ಸಿದ್ದಪ್ಪ. ಇವನ ಮಗನಿಗೆ ಅಜ್ಜನ ಹೆಸರಿಟ್ಟರೆ ಬಸಪ್ಪ ಬಿನ್ ಸಿದ್ದಪ್ಪ. ಅವನ ಮಗನಿಗೂ ಅಜ್ಜನ ಹೆಸರಾದರೆ ಮತ್ತೆ ಸಿದ್ದಪ್ಪ ಬಿನ್ ಬಸಪ್ಪ! ಮೂರನೇ ತಲೆಗೆ ಅಕ್ಷರಕ್ಕಕ್ಷರ ಅದೇ ಹೆಸರು, ಅದೇ ಊರು, ಅದೇ ಸರ್ವೆ ನಂಬರ್. ತೀರಿಹೋದ ಅಜ್ಜನ ಖಾತೆ ಬದಲಾಗದೆ ಉಳಿದಿದ್ದರೆ ನೋಡಿದವರಿಗೆ ಅದು ಮೊಮ್ಮಗನದೇ ಅನ್ನಿಸುತ್ತದೆ. ಅಣ್ಣತಮ್ಮಂದಿರ ಪಾಲಿನ ಜಗಳ ಅಲ್ಲಿಂದ ಏಳುತ್ತದೆ.

ಒಂದು ತಲೆ ಬಿಟ್ಟು ಹೆಸರು ತಿರುಗುವುದು ಈ ನೆಲದಲ್ಲಿ ಬಹಳ ಹಳೆಯದು. ಬಾದಾಮಿಯ ಇಮ್ಮಡಿ ಪುಲಕೇಶಿ ಒಂದನೇ ಪುಲಕೇಶಿಯ ಮೊಮ್ಮಗ. ಹೊಯ್ಸಳರಲ್ಲಿ ಒಂದನೇ ನರಸಿಂಹನ ಮಗ ಇಮ್ಮಡಿ ಬಲ್ಲಾಳ, ಅವನ ಮಗ ಇಮ್ಮಡಿ ನರಸಿಂಹ, ಅವನ ಮಗ ಸೋಮೇಶ್ವರ, ಮೊಮ್ಮಗ ಮುಮ್ಮಡಿ ನರಸಿಂಹ. ಅರಸರನ್ನು ಗುರುತಿಸಲು ಇಮ್ಮಡಿ ಮುಮ್ಮಡಿ ಎಂಬ ಎಣಿಕೆ ಇದೆ, ಪಹಣಿಯಲ್ಲಿ ಅದಿಲ್ಲ.

ಹಾಗಾಗಿ ಹೆಸರು ತಿರುಗಿಸುವ ಮನೆಯವರು ಮೂರು ಕೆಲಸ ತಪ್ಪಿಸಬಾರದು. ಹಿರಿಯರು ತೀರಿದ ಮೇಲೆ ಪೌತಿ ಖಾತೆಯನ್ನು, ಅಂದರೆ ತೀರಿದವರ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸುವುದನ್ನು, ಮುಂದಿನ ತಲೆಗೆ ಬಿಡದೆ ಮಾಡಿಸಿ. ನಾಡಕಚೇರಿಗೆ ವಂಶವೃಕ್ಷ ಕೊಡುವಾಗ ಪ್ರತಿ ಹೆಸರಿನ ಮುಂದೆ ವಯಸ್ಸು, ತೀರಿದ್ದರೆ ದಿನಾಂಕ, ಕರೆಯುವ ಹೆಸರಿದ್ದರೆ ‘ಉರುಫ್’ ಎಂದು ಸೇರಿಸಿ ಬರೆಯಿರಿ. ಮತ್ತು ಮಗುವಿನ ಹೆಸರಿಗೆ ಹಿಂದೆಯೋ ಮುಂದೆಯೋ ಒಂದು ಪದ ಸೇರಿಸಿ, ಅಜ್ಜನ ಹೆಸರಿಗೆ ಅದು ಅಚ್ಚಾಗಿ ಹೊಂದದಿರಲಿ. ಭಾವನ ಮಗ ಸಿದ್ದಪ್ಪ ಆಗಿರುವಾಗ ನಿಮ್ಮವನು ಸಿದ್ಧರಾಮನೋ ಶಿವಸಿದ್ದಪ್ಪನೋ ಆಗಲಿ. ಹಿಂದಿನವರು ದೊಡ್ಡಸಿದ್ದಪ್ಪ, ಚಿಕ್ಕಸಿದ್ದಪ್ಪ ಎಂದು ಮಾಡಿಕೊಂಡದ್ದೂ ಇದಕ್ಕೇ.

ಜನನ ನೋಂದಣಿಯ ಕೆಲಸ ತಿಳಿದವರು

ಹೆಸರು ತೀರ್ಮಾನವಾಗಿಲ್ಲ ಎಂದು ನೋಂದಣಿ ತಡ ಮಾಡಬೇಡಿ. 1969ರ ಜನನ ಮರಣ ನೋಂದಣಿ ಕಾಯ್ದೆಯಂತೆ ಹುಟ್ಟಿದ 21 ದಿನದೊಳಗೆ ಮಾಹಿತಿ ಹೋಗಬೇಕು. ಆಸ್ಪತ್ರೆಯಲ್ಲಿ ಹುಟ್ಟಿದರೆ ಆಸ್ಪತ್ರೆಯೇ ಕಳಿಸುತ್ತದೆ. ಹೆಸರಿನ ಜಾಗ ಖಾಲಿ ಬಿಟ್ಟು ನೋಂದಾಯಿಸಬಹುದು. ಆಮೇಲೆ 12 ತಿಂಗಳೊಳಗೆ ಹೆಸರು ಸೇರಿಸಲು ಶುಲ್ಕವಿಲ್ಲ, ಅದು ದಾಟಿದರೆ ತಡದ ಶುಲ್ಕ ಕಟ್ಟಿ 15 ವರ್ಷದವರೆಗೆ ಸೇರಿಸಬಹುದು.

ಜನ ಎಡವುವುದು ಇಲ್ಲಿ: ಆಸ್ಪತ್ರೆಯಲ್ಲಿ ಅವಸರಕ್ಕೆ ಒಂದು ಹೆಸರು ಬರೆಸಿಬಿಡುತ್ತಾರೆ, ತೊಟ್ಟಿಲ ದಿನ ಹಿರಿಯರು ಇನ್ನೊಂದು ಇಡುತ್ತಾರೆ. ಖಾಲಿ ಜಾಗ ತುಂಬುವುದು ಸುಲಭ, ಬರೆದದ್ದನ್ನು ಅಳಿಸುವುದು ಸುಲಭವಲ್ಲ. ಕಾಯ್ದೆಯ 15ನೇ ಕಲಂ ಇರುವುದು ತಪ್ಪು ತಿದ್ದುವುದಕ್ಕೆ, ಮನಸ್ಸು ಬದಲಾಯಿತು ಎಂದು ಹೆಸರು ಬದಲಿಸುವುದಕ್ಕಲ್ಲ. ಅಜ್ಜ ಅಜ್ಜಿಯರ ಜೊತೆ ಮಾತು ಮುಗಿಯುವವರೆಗೆ ಆ ಜಾಗ ಖಾಲಿಯೇ ಇರಲಿ.

2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆ, ವಾಹನ ಪರವಾನಗಿ, ಪಾಸ್‌ಪೋರ್ಟ್, ಮತದಾರರ ಪಟ್ಟಿ, ಸರ್ಕಾರಿ ನೌಕರಿ ಎಲ್ಲಕ್ಕೂ ಹುಟ್ಟಿದ ದಿನದ ಆಧಾರವಾಗಿ ಜನನ ಪ್ರಮಾಣಪತ್ರವನ್ನೇ ನೋಡುತ್ತಾರೆ. ಅದರಲ್ಲಿನ ಹೆಸರು ಮುಂದಿನ ಎಲ್ಲದಕ್ಕೂ ಬುಡ. ಹಿಂದಿನಂತೆ ಶಾಲೆಯಲ್ಲಿ ಮೇಷ್ಟ್ರು ಬರೆದದ್ದೇ ಹೆಸರಾಗುವ ಕಾಲ ಹೋಯಿತು.

ಪತ್ರ ಕೈಗೆ ಬಂದ ದಿನವೇ ಕನ್ನಡದ ಸಾಲನ್ನೂ ಇಂಗ್ಲಿಷಿನ ಸಾಲನ್ನೂ ಬೇರೆಬೇರೆಯಾಗಿ ಓದಿ. ‘ಸಿದ್ದ’ ಮತ್ತು ‘ಸಿದ್ಧ’ ಕನ್ನಡದಲ್ಲಿ ಒಂದು ಒತ್ತಕ್ಷರದ ವ್ಯತ್ಯಾಸ. ಇಂಗ್ಲಿಷಿನಲ್ಲಿ ಎರಡನೇ ‘ಡಿ’ಯ ಮುಂದೆ ‘ಎಚ್’ ಇದೆಯೋ ಇಲ್ಲವೋ ಎಂಬುದು ಜನ್ಮವಿಡೀ ಕಾಡುತ್ತದೆ. ಅಜ್ಜನ ಆಧಾರ್‌ನಲ್ಲಿ ಹೇಗಿದೆಯೋ ಹಾಗೇ ಇರಬೇಕೆಂದಿಲ್ಲ, ಆದರೆ ಒಮ್ಮೆ ಆರಿಸಿದ ಕಾಗುಣಿತ ಎಲ್ಲ ಕಡೆ ಒಂದೇ ಇರಬೇಕು.

ಕೇಳಿದವರು

ನಮ್ಮ ಮನೆಯವರಿಗೆ ಅಡ್ಡಹೆಸರಿಲ್ಲ, ಬರೀ ಇನಿಶಿಯಲ್. ಮಗುವಿಗೆ ಏನು ಬರೆಸುವುದು?

ಪಾಸ್‌ಪೋರ್ಟ್, ವೀಸಾ ಅರ್ಜಿಗಳ ಬಗ್ಗೆ ತಿಳಿದವರು

ಇನಿಶಿಯಲ್ ಬಿಡಿಸಿ ಬರೆಸಿ, ಇದರಲ್ಲಿ ಎರಡು ಮಾತಿಲ್ಲ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಸ್ವಂತ ಹೆಸರು, ಅಡ್ಡಹೆಸರು ಎಂದು ಎರಡು ಕಾಲಂ, ಇನಿಶಿಯಲ್‌ಗೆ ಜಾಗವಿಲ್ಲ. ಒಂದೇ ಪದದ ಹೆಸರಿಗೆ ಅಮೆರಿಕದ ವೀಸಾದಲ್ಲಿ ಸ್ವಂತ ಹೆಸರಿನ ಕಡೆ ‘ಎಫ್‌ಎನ್‌ಯು’ ಎಂದು ಮುದ್ರಿಸುತ್ತಾರೆ, ಅಂದರೆ ಹೆಸರು ತಿಳಿದಿಲ್ಲ ಎಂದು. 2022ರ ನವೆಂಬರಿನಲ್ಲಿ ಯುಎಇ ಕೂಡ ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿರುವ ಪ್ರವಾಸಿಗಳ ಮೇಲೆ ನಿರ್ಬಂಧ ತಂದಿತು.

ಅಡ್ಡಹೆಸರಿಗೆ ಏನು ಬರೆಯಬೇಕೆಂಬುದಕ್ಕೆ ನಮ್ಮಲ್ಲೇ ಹಲವು ದಾರಿ ಇವೆ. ಮೈಸೂರು ಸೀಮೆಯಲ್ಲಿ ಊರು ಮೊದಲು: ಸಿದ್ದವನಹಳ್ಳಿ ನಿಜಲಿಂಗಪ್ಪ. ಉತ್ತರದಲ್ಲಿ ಸ್ವಂತದ್ದು, ತಂದೆಯದು, ಕೊನೆಗೆ ಅಡ್ಡಹೆಸರು: ಬಸಪ್ಪ ದಾನಪ್ಪ ಜತ್ತಿ. ಕೊಡಗಿನಲ್ಲಿ ಮನೆತನ ಮೊದಲು, ತಂದೆ ಆಮೇಲೆ, ಸ್ವಂತದ್ದು ಕೊನೆಗೆ: ಕೊಡಂದೇರ ಮಾದಪ್ಪ ಕಾರ್ಯಪ್ಪ. ಅಜ್ಜನ ಹೆಸರನ್ನೇ ಅಡ್ಡಹೆಸರಿನ ಕಾಲಂನಲ್ಲಿ ಇಡುವುದು ನಿಮಗೆ ಚೆನ್ನಾಗಿ ಹೊಂದುತ್ತದೆ. ಸ್ವಂತ ಹೆಸರು ಹೊಸದಾಗಿರಲಿ, ಅಡ್ಡಹೆಸರು ಸಿದ್ದಪ್ಪ. ಆಗ ಹುಟ್ಟುವುದು ಗಂಡೋ ಹೆಣ್ಣೋ ಎಂಬ ಪ್ರಶ್ನೆಯೂ ಇಲ್ಲ, ಮುಂದೆ ಹುಟ್ಟುವ ತಮ್ಮ ತಂಗಿಗೂ ಅದೇ ಸಾಗುತ್ತದೆ. ಹೆಣ್ಣಾದರೆ ‘ಗೌರಿ ನಂಜಮ್ಮ’ ಸ್ವಂತ ಹೆಸರು, ‘ಸಿದ್ದಪ್ಪ’ ಅಡ್ಡಹೆಸರು. ಎರಡೂ ಮನೆಯವರು ಅದರಲ್ಲಿ ಬಂದರು.

ಉದ್ದದ ಮೇಲೆ ಮಾತ್ರ ಕಣ್ಣಿರಲಿ. ಪಾಸ್‌ಪೋರ್ಟಿನ ಕೆಳಗೆ ಯಂತ್ರ ಓದುವ ಸಾಲಿನಲ್ಲಿ ಹೆಸರಿಗಿರುವುದು 39 ಜಾಗ, ಪದಗಳ ನಡುವಿನ ತೆರಪೂ ಅದರಲ್ಲೇ ಸೇರುತ್ತದೆ. ನಾಲ್ಕು ಉದ್ದ ಪದ ಸೇರಿಸಿದರೆ ಕೊನೆ ಕತ್ತರಿಸಿ ಹೋಗುತ್ತದೆ, ವಿಮಾನದ ಟಿಕೆಟಿಗೆ ತಾಳೆಯಾಗದೆ ಕೌಂಟರಿನಲ್ಲಿ ನಿಲ್ಲಿಸುತ್ತಾರೆ. ಇಂಗ್ಲಿಷಿನಲ್ಲಿ ಬರೆದು ಎಣಿಸಿ ನೋಡಿದ ಮೇಲೇ ಅರ್ಜಿ ತುಂಬಿ.