ವರದಿಗಳೆಲ್ಲ ಸರಿಯಿವೆ, ನೋವು ನಿಂತಿಲ್ಲ: ವಿಡಿಯೊ ಮೂಲಕ ಮನೋಚಿಕಿತ್ಸೆ ಕೊಡಿಸಬಹುದೇ?

ಪ್ರಶ್ನೆ (ಜಮಖಂಡಿ):
ನಮ್ಮ ತಾಯಿಯವರಿಗೆ ಮೂರು ವರ್ಷಗಳಿಂದ ಮೈಕೈ ನೋವು, ಹೊಟ್ಟೆಯುರಿ ಮತ್ತು ದಣಿವು ಇವೆ. ರಕ್ತಪರೀಕ್ಷೆ, ಸ್ಕ್ಯಾನಿಂಗ್ ಎರಡರಲ್ಲೂ ದೋಷ ಕಂಡಿಲ್ಲ. ವೈದ್ಯರು ಮನೋಚಿಕಿತ್ಸೆ ಸೂಚಿಸಿದಾಗ ಅವರು, ‘ನನಗೇನು ಹುಚ್ಚು ಹಿಡಿದಿದೆಯೇ?’ ಎಂದು ಕಣ್ಣೀರಿಟ್ಟರು. ವಾರವಾರವೂ ಧಾರವಾಡಕ್ಕೆ ಕರೆದೊಯ್ಯುವುದು ನಮ್ಮಿಂದಾಗದು. ಮನೆಯಿಂದಲೇ ಪಡೆಯುವ ಚಿಕಿತ್ಸೆ ಫಲಕೊಟ್ಟೀತೇ?

ಉತ್ತರ 1 (ಬೆಳಗಾವಿ):
ಮೊದಲು ತಾಯಿಯವರಿಗೆ, ನೋವು ನಿಜವಾದದ್ದೇ ಎಂದು ತಿಳಿಸಿ ಹೇಳಿರಿ. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಪ್ರಕಟಿಸಿದ ಡಿಎಸ್‌ಎಂ-5 ಎಂಬ, ಮಾನಸಿಕ ತೊಂದರೆಗಳನ್ನು ಗುರುತಿಸುವ ಕೈಪಿಡಿಯು, ಇಂಥ ತೊಂದರೆಯನ್ನು ಗುರುತಿಸಲು ದೈಹಿಕ ಕಾರಣ ಸಿಗದಿರಬೇಕೆಂಬ ಹಳೆಯ ಷರತ್ತನ್ನೇ ಕೈಬಿಟ್ಟಿತು. ಯೋಚನೆ ಮತ್ತು ನಡವಳಿಕೆಯ ರೂಢಿಗಳನ್ನು ಮಾತುಕತೆಯ ಮೂಲಕ ಬದಲಿಸುವ ಅರಿವು-ವರ್ತನಾ ಚಿಕಿತ್ಸೆಯಲ್ಲಿ (ಸಿಬಿಟಿ), ನೋವು ಕಡಿಮೆಯಿದ್ದ ದಿನ ಮೈಮುರಿದು ದುಡಿದು ಮರುದಿನ ಹಾಸಿಗೆ ಹಿಡಿಯುವ ಸುತ್ತನ್ನು ಬಿಡಿಸಿ, ಕೆಲಸವನ್ನು ಅಳತೆಯಲ್ಲಿ ಹಂಚಿಕೊಳ್ಳುವುದನ್ನು ಕಲಿಸುತ್ತಾರೆ. ಇದನ್ನು ವಿಡಿಯೊದಲ್ಲಿಯೂ ಕಲಿಯಬಹುದು. ಆದರೆ ನೋವು ಪೂರ್ತಿ ಮಾಯವಾಗುತ್ತದೆಂದು ಯಾರಾದರೂ ಮಾತು ಕೊಟ್ಟರೆ ನಂಬಬೇಡಿರಿ.

ಉತ್ತರ 2 (ವಿಜಯಪುರ):
ನಾನು ಇದೇ ಚಿಕಿತ್ಸೆ ಪಡೆದವಳು. ಬಾಗಿಲು ಹಾಕಿಕೊಂಡು ಮಾತನಾಡಲು ಒಂದು ಕೋಣೆ ಬೇಕು; ಅತ್ತೆಯವರೆದುರು ಮನಸ್ಸು ಬಿಚ್ಚಲು ನನಗೆ ಆಗುತ್ತಿರಲಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ (ದೂರವಾಣಿ 14416) ಉಚಿತವಾಗಿದ್ದು, ಕನ್ನಡದಲ್ಲಿಯೇ ಮಾತನಾಡಬಹುದು. ಆದರೆ ತೂಕ ಇಳಿದರೆ ಅಥವಾ ಮಲದಲ್ಲಿ ರಕ್ತ ಕಂಡರೆ ತಡಮಾಡದೆ ವೈದ್ಯರಿಗೆ ಮತ್ತೆ ತೋರಿಸಿರಿ.